ಸಹಾಯ ಬೇಕು: ತಮ್ಮನ ಸನ್ನೆಯನ್ನು ಕನ್ನಡದ ಮಾತಾಗಿಸುವ ಆ್ಯಪ್ ಇದೆಯಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಹುಬ್ಬಳ್ಳಿಯಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳು ಹೇಳಿದ್ದು ಅವನಿಗೆ ತಿಳಿಯುತ್ತದೆ. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಟ್ಟರೆ ಕನ್ನಡದ ಮಾತು ಅಕ್ಷರವಾಗಿ ಬರುತ್ತದೆ. ಆದರೆ ಇವನು ಹೇಳಬೇಕಾದ್ದು? ಬರೆಯುವುದು ಅವನಿಗೆ ಕಷ್ಟ. ಗಿರಾಕಿಗಳು ಕಾಯುವುದಿಲ್ಲ, ಎದ್ದು ಹೋಗುತ್ತಾರೆ. ಅವನ ಮುಖ ನೋಡಿದರೆ ಸಂಕಟ ಆಗುತ್ತದೆ.

ಕೆಲವು ಆ್ಯಪ್ ನೋಡಿದೆ. ಜಾಸ್ತಿ ಇರುವುದು ಅಮೆರಿಕದ ಸನ್ನೆ ಭಾಷೆಗೆ. ನಮ್ಮದು ಬೇರೆ ಅಲ್ವಾ? ಅಲ್ಲಿ ಎ, ಬಿ, ಸಿ ಅಕ್ಷರಕ್ಕೆ ಒಂದೇ ಕೈ ಸಾಕು, ನಮ್ಮಲ್ಲಿ ಹೆಚ್ಚಾಗಿ ಎರಡೂ ಕೈ ಬೇಕು. ಕೈಗೆ ಹಾಕಿಕೊಂಡರೆ ಸನ್ನೆ ಗುರುತಿಸುವ ಸೆನ್ಸರ್ ಗ್ಲೌಸ್ ಬಗ್ಗೆಯೂ ಓದಿದೆ. ಅದು ಕೈಯನ್ನಷ್ಟೇ ನೋಡುತ್ತದೆ. ನನ್ನ ತಮ್ಮ ಪ್ರಶ್ನೆ ಕೇಳುವುದು ಹುಬ್ಬಿನಲ್ಲಿ, 'ಯಾವಾಗ', 'ಎಷ್ಟು' ಎನ್ನುವುದು ವಾಕ್ಯದ ಕೊನೆಗೆ. ಹುಬ್ಬಿನ ಸನ್ನೆಯನ್ನು ಗ್ಲೌಸ್ ಹೇಗೆ ಹಿಡಿಯುತ್ತದೆ?

ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರದ ನಿಘಂಟಿನಲ್ಲಿ 2021ಕ್ಕೇ 10,000 ಪದಗಳಾಗಿದ್ದವು. ನಾನು ಅದನ್ನೇ ನೋಡಿ ಕಲಿಯುತ್ತಿದ್ದೇನೆ. ಆದರೆ ಗಿರಾಕಿಗಳು ಕಲಿಯಬೇಕೆಂದರೆ ಆಗುತ್ತದಾ?

ಫೋನ್ ಕ್ಯಾಮೆರಾದಲ್ಲಿ ಭಾರತೀಯ ಸನ್ನೆ ನೋಡಿ ಕನ್ನಡದಲ್ಲಿ ಹೇಳುವ ಆ್ಯಪ್ ಯಾರಾದರೂ ಬಳಸಿದ್ದೀರಾ? 'ಶುಕ್ರವಾರ ಬನ್ನಿ', 'ತೋಳು ಬಿಗಿಯಾ?' ಅಂತ ಇಪ್ಪತ್ತು ಮೂವತ್ತು ಮಾತಾದರೂ ಸಾಕು. ಇಂಥ ಆ್ಯಪ್ ಮಾಡುವವರಿದ್ದರೆ ನನ್ನ ತಮ್ಮ ತನ್ನ ಸನ್ನೆಯ ವಿಡಿಯೊ ಕೊಡಲು ಸಿದ್ಧ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ವಿಡಿಯೊ ಕಾಲ್‌ನಲ್ಲಿ ಸಿಗುವ ಕನ್ನಡ ಬಲ್ಲ ದುಭಾಷಿ ಗೊತ್ತಿದ್ದರೂ ದಯವಿಟ್ಟು ಹೇಳಿ. ಕಿವುಡರೇ ಬಳಸಿ ನೋಡಿದ್ದಾದರೆ ಇನ್ನೂ ಒಳ್ಳೆಯದು.