ಮಳೆಗಾಲದ ವಿದ್ಯುತ್ ಕಡಿತ: ಆಕ್ಸಿಜನ್ ಯಂತ್ರವಿರುವ ಮನೆಯಲ್ಲಿ ಏನೇನು ಸಿದ್ಧತೆ ಬೇಕು?

ಪ್ರಶ್ನೆ (ಕೊಪ್ಪ ತಾಲ್ಲೂಕು)

ನಮ್ಮದು ಮುಖ್ಯರಸ್ತೆಯಿಂದ ಸಾಕಷ್ಟು ಒಳಗಿರುವ ತೋಟದ ಮನೆ. ಆರಿದ್ರಾ ಮಳೆ ಹಿಡಿಯಿತೆಂದರೆ ಲೈನಿನ ಮೇಲೆ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಆದರೆ ಅಮ್ಮನಿಗೆ ಶ್ವಾಸಕೋಶದ ತೊಂದರೆಯಾಗಿ, ರಾತ್ರಿಯೂ ಸೇರಿದಂತೆ ದಿನಕ್ಕೆ 15 ಗಂಟೆ, ನಿಮಿಷಕ್ಕೆ 2 ಲೀಟರಿನಂತೆ ಆಕ್ಸಿಜನ್ ಕೊಡಬೇಕೆಂದು ವೈದ್ಯರು ಹೇಳಿರುವುದರಿಂದ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ, ನಿಮಿಷಕ್ಕೆ 5 ಲೀಟರಿನ ಕಾನ್ಸನ್‌ಟ್ರೇಟರ್ ತಂದಿದ್ದೇವೆ. ಮನೆಯಲ್ಲಿರುವುದು 150 ಎಎಚ್ ಬ್ಯಾಟರಿಯ ಒಂದು ಇನ್ವರ್ಟರ್. ನೀರಿಗೆ ಬಾವಿ ಮತ್ತು 1 ಎಚ್‌ಪಿ ಪಂಪು. ಇನ್ನೊಂದು ಬ್ಯಾಟರಿ ಸೇರಿಸಿದರೆ ಸಾಕಾಗುವುದೇ, ಜನರೇಟರ್ ಕೊಳ್ಳಬೇಕೇ?

ಉತ್ತರ 1 (ಇನ್ವರ್ಟರ್ ದುರಸ್ತಿ ಕೆಲಸದವರು, ಶಿವಮೊಗ್ಗ)

ಆ ಬಗೆಯ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಹರಿವನ್ನು 2 ಲೀಟರಿಗೆ ಇಳಿಸಿದರೂ ಒಳಗಿನ ಕಂಪ್ರೆಸರ್ ಓಡುತ್ತಲೇ ಇರುವುದರಿಂದ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ ಇದ್ದರೂ, ಇನ್ವರ್ಟರಿನಲ್ಲಿ ಆಗುವ ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಕೈಗೆ ಸಿಗುವುದು 1200ರ ಆಸುಪಾಸು. ಅಂದರೆ ಯಂತ್ರ ಮೂರು, ಮೂರೂವರೆ ಗಂಟೆ ಓಡಬಹುದು, ಅದೂ ಬ್ಯಾಟರಿ ಹೊಸದಾಗಿದ್ದರೆ. ಎರಡು ಬ್ಯಾಟರಿಯಾದರೂ ಒಂದು ರಾತ್ರಿ ದಾಟುವುದಿಲ್ಲ. ಸೋಲಾರ್ ಫಲಕವನ್ನು ನಂಬಿ ಕೂರುವಷ್ಟು ಬಿಸಿಲು ನಿಮ್ಮ ಕಡೆಯ ಮಳೆಗಾಲದಲ್ಲಿ ಇರುವುದಿಲ್ಲ. ನಿಮ್ಮ ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು) ಹೌದೇ ಎಂಬುದನ್ನೂ ನೋಡಿಕೊಳ್ಳಿ. ಸ್ಕ್ವೇರ್ ವೇವ್ ಆಗಿದ್ದರೆ ಕಂಪ್ರೆಸರ್ ಬಿಸಿಯಾಗಿ ಹಾಳಾಗುತ್ತದೆ.

ಉತ್ತರ 2 (ತಂದೆಯವರಿಗೆ ಮನೆಯಲ್ಲೇ ಆಕ್ಸಿಜನ್ ಕೊಡುತ್ತಿರುವವರು, ಸಾಗರ)

ಬ್ಯಾಟರಿಗಿಂತ ಮೊದಲು ಸಿಲಿಂಡರ್ ತರಿಸಿ. ತುಂಬಿದ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಅದು ಹನ್ನೆರಡು ಗಂಟೆ ಬರುತ್ತದೆ. ಅಂಥವು ಮೂರಿದ್ದರೆ ತಾಯಿಯವರಿಗೆ ಎರಡು ದಿನ ಕರೆಂಟಿನ ಹಂಗೇ ಇಲ್ಲ, ಇನ್ವರ್ಟರನ್ನು ದೀಪಕ್ಕೂ ಫೋನಿಗೂ ಉಳಿಸಿಕೊಳ್ಳಬಹುದು. ರೆಗ್ಯುಲೇಟರನ್ನು ಕೂರಿಸಿ, ಗೇಜಿನ ಮುಳ್ಳು ನೋಡಿ, ವಾಲ್ವ್ ತೆರೆಯುವ ಕೀಲಿಯನ್ನು ಸಿಲಿಂಡರಿನ ಕೊರಳಿಗೇ ದಾರದಲ್ಲಿ ಕಟ್ಟಿಡಿ, ಏಕೆಂದರೆ ಕತ್ತಲಲ್ಲಿ ಕೈಗೆ ಸಿಗದೇ ಹೋಗುವುದು ಆ ಕೀಲಿಯೇ. ವಾಲ್ವಿಗೆ ಎಣ್ಣೆ, ಗ್ರೀಸು ಸೋಕಬಾರದು. ಕರೆಂಟ್ ಹೋದೊಡನೆ ನಮ್ಮ ಮನೆಗಳಲ್ಲಿ ಬುಡ್ಡಿದೀಪವೋ ಮೇಣದಬತ್ತಿಯೋ ಹಚ್ಚುವುದು ರೂಢಿ. ಆಕ್ಸಿಜನ್ ಇರುವ ಕೋಣೆಗೆ ಬೆಂಕಿ ಯಾವ ಕಾರಣಕ್ಕೂ ಬರಬಾರದು ಎಂಬುದನ್ನು ಮನೆಯ ಮಕ್ಕಳಿಗೂ ಕೆಲಸಕ್ಕೆ ಬರುವವರಿಗೂ ಬಿಡಿಸಿ ಹೇಳಿ. ಅಲ್ಲಿ ಟಾರ್ಚ್ ಮಾತ್ರ.

ಉತ್ತರ 3 (ತೀರ್ಥಹಳ್ಳಿ)

ನೀರಿನ ವಿಷಯ ಯಾರೂ ಹೇಳಲಿಲ್ಲ. 1 ಎಚ್‌ಪಿ ಪಂಪು ಶುರುವಾಗುವಾಗ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ ನಿಮ್ಮ ಇನ್ವರ್ಟರ್ ಅದನ್ನು ತಡೆಯಲಾರದು. ಮೋಡ ಕಟ್ಟಿದಾಗಲೇ ಟ್ಯಾಂಕ್ ತುಂಬಿಸಿ, ಮತ್ತು ಬಾವಿಯ ರಾಟೆಯನ್ನು ಬಿಚ್ಚಿಟ್ಟಿದ್ದರೆ ಎಣ್ಣೆ ಹಾಕಿ ಪುನಃ ಕಟ್ಟಿಸಿ, ಗಟ್ಟಿ ಹಗ್ಗ ಹಾಕಿಡಿ. ಇಷ್ಟಾದ ಮೇಲೂ ಜನರೇಟರ್ ಕೊಳ್ಳುವುದಾದರೆ ಅದನ್ನು ಜಗಲಿಯಲ್ಲಾಗಲಿ ಕೊಟ್ಟಿಗೆಯಲ್ಲಾಗಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ನಿಮ್ಮ ಮನೆಯಲ್ಲಿ ಮೊದಲು ಅಪಾಯವಾಗುವುದು ತಾಯಿಯವರಿಗೆ. ಚೇಂಜ್‌ಓವರ್ ಸ್ವಿಚ್ (ಜನರೇಟರ್ ಓಡುವಾಗ ಮನೆಯನ್ನು ಹೊರಗಿನ ಲೈನಿನಿಂದ ಬೇರ್ಪಡಿಸುವ ಸ್ವಿಚ್) ಇಲ್ಲದೆ ಮನೆಯ ಪ್ಲಗ್ಗಿಗೆ ಜನರೇಟರ್ ಜೋಡಿಸುವವರನ್ನು ನೋಡಿದ್ದೇನೆ. ಆ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿದು 11,000 ವೋಲ್ಟಿನ ಲೈನಿಗೆ ಏರಬಹುದು. ಮಳೆಯಲ್ಲಿ ನೆನೆಯುತ್ತ ಅದೇ ಲೈನ್ ಸರಿಪಡಿಸುತ್ತಿರುವ ಲೈನ್‌ಮನ್‌ನ ಜೀವ ಅದರಿಂದ ಹೋಗಬಹುದು. ದಯವಿಟ್ಟು ಇದೊಂದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಎರಡನೆಯ ಬ್ಯಾಟರಿಯ ಯೋಚನೆ ಬಿಟ್ಟು, ಆ ಹಣದಲ್ಲಿ ಬಿ-ಟೈಪ್ ಸಿಲಿಂಡರ್ ಮೂರನ್ನು ತರಿಸುತ್ತೇವೆ. ಮನೆಯಲ್ಲಿ ಆಕ್ಸಿಜನ್ ಮೇಲಿರುವ ರೋಗಿ ಇದ್ದಾರೆಂದು ಮೆಸ್ಕಾಂ ಶಾಖಾ ಕಚೇರಿಗೆ ಮೊದಲೇ ಬರೆದುಕೊಟ್ಟರೆ ಪ್ರಯೋಜನವಿದೆಯೇ?

ಉತ್ತರ 3 (ತೀರ್ಥಹಳ್ಳಿ)

ಬರೆದುಕೊಡಿ, ಆರ್‌.ಆರ್. ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ) ಮರೆಯದೆ ನಮೂದಿಸಿ. ಕರೆಂಟ್ ಹೋದಾಗ ಮೆಸ್ಕಾಂ ಸಹಾಯವಾಣಿ 1912ಕ್ಕೂ ಕರೆ ಮಾಡಿ, ಆದರೆ ಗಾಳಿಮಳೆಯಲ್ಲಿ ನೆಟ್‌ವರ್ಕ್ ಸಹ ಹೋಗುವುದರಿಂದ ಸಿಲಿಂಡರ್ ಮುಗಿಯುವ ಮೊದಲೇ ತಾಯಿಯವರನ್ನು ಆಸ್ಪತ್ರೆಗೆ ಸೇರಿಸಲು ಯಾರ ಜೀಪು ಬರಬೇಕೆಂದು ಈಗಲೇ ಮಾತನಾಡಿಟ್ಟುಕೊಳ್ಳಿ.