‘ಯುರೋಪಿಯಂ ಅನಾಮಲಿ’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಆಳಕಡಲಿನ ಬಿಸಿನೀರಿನ ಬುಗ್ಗೆಗಳ ಬಗ್ಗೆ ಒಂದು ಪ್ರದರ್ಶನದ ಫಲಕ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರೇರ್ ಅರ್ಥ್ ಎಲಿಮೆಂಟ್ಸ್, ಬ್ಲ್ಯಾಕ್ ಸ್ಮೋಕರ್, ಪಾಸಿಟಿವ್ ಯುರೋಪಿಯಂ ಅನಾಮಲಿ, ಈ ಮೂರರಲ್ಲಿ ಸಿಕ್ಕಿಕೊಂಡಿದ್ದೇನೆ. ಸದ್ಯಕ್ಕೆ ‘ಅಪರೂಪದ ಭೂಮಿಯ ಅಂಶಗಳು’, ‘ಕಪ್ಪು ಧೂಮಪಾಯಿ’, ‘ಧನಾತ್ಮಕ ಯುರೋಪಿಯಂ ಅಸಂಗತಿ’ ಅಂತ ಇದೆ. ಕೊನೆಯದು ಗ್ರಾಫಿನ ಕೆಳಗೆ ಬರುವಂಥದ್ದು, ಜಾಗ ತುಂಬಾ ಕಡಿಮೆ. ಗ್ರಾಫು ಅಟ್ಲಾಂಟಿಕ್ ಕಡಲಿನ ಟ್ಯಾಗ್ ಅನ್ನುವ ಜಾಗದ ಬುಗ್ಗೆಗಳದ್ದು, ಸುಮಾರು 3,600 ಮೀಟರ್ ಆಳ.

—

‘ಧೂಮಪಾಯಿ’ಯನ್ನು ಈಗಲೇ ತೆಗೆಯಿರಿ. ಅದು ಸಿಗರೇಟು ಸೇದುವವರಿಗೆ ಹೇಳುವ ಮಾತು. ಅಲ್ಲಿ ಹೊಗೆ ಕೂಡ ಇಲ್ಲ. 350 ಡಿಗ್ರಿ ಆಸುಪಾಸಿನ ನೀರು ಹೊರಗಿನ ಕೊರೆಯುವ ನೀರಿಗೆ ತಾಕಿದ ಕೂಡಲೇ, ಕರಗಿದ್ದ ಕಬ್ಬಿಣ, ತಾಮ್ರ ಎಲ್ಲ ಗಂಧಕದ ಜೊತೆ ಸೇರಿ ಕಪ್ಪು ಪುಡಿಯಾಗುತ್ತವೆ. ನೋಡೋರಿಗೆ ಅದು ಹೊಗೆ ಅನ್ನಿಸುತ್ತದೆ, ಅಷ್ಟೆ. ‘ಕರಿಬುಗ್ಗೆ’ ಅನ್ನಿ. ಬಿಳಿ ಪುಡಿ ಉಗುಳುವವೂ ಇವೆ, ಅವಕ್ಕೆ ‘ಬಿಳಿಬುಗ್ಗೆ’ ತಾನಾಗೇ ಸಿಗುತ್ತದೆ.

‘ಅಪರೂಪದ ಭೂಮಿ’ ಪೂರಾ ತಪ್ಪು. ಇಲ್ಲಿನ ‘ಅರ್ಥ್’ ನಾವು ನಿಂತಿರುವ ಭೂಮಿಯಲ್ಲ. ಬೆಂಕಿಗೂ ಬಗ್ಗದ, ನೀರಲ್ಲೂ ಸುಲಭಕ್ಕೆ ಕರಗದ ಪುಡಿಗಳಿಗೆ ಹಳೇ ರಸಾಯನದವರು ಇಟ್ಟ ಹೆಸರು ಅದು. ಈಗ ಅವನ್ನು ಆಕ್ಸೈಡ್ ಅಂತೇವೆ. 1794ರಲ್ಲಿ ರಸಾಯನ ವಿಜ್ಞಾನಿ ಗಡೋಲಿನ್, ಸ್ವೀಡನ್ನಿನ ಇಟ್ಟರ್ಬಿಯ ಒಂದು ಕರಿಕಲ್ಲಿನಿಂದ ತೆಗೆದದ್ದು ಇಂಥದೇ ಪುಡಿ, ಲೋಹ ಅಲ್ಲ. ಲೋಹವನ್ನು ಸುಟ್ಟು ಪುಡಿ ಮಾಡಿದರೆ ನಮ್ಮಲ್ಲಿ ಅದಕ್ಕೆ ಭಸ್ಮ ಅಂತಾರೆ, ಅಲ್ವಾ? ಹಾಗಾಗಿ ‘ವಿರಳ ಭಸ್ಮ ಧಾತುಗಳು’ ಅಂತ ಕನ್ನಡ ವಿಜ್ಞಾನ ಬರಹಗಳಲ್ಲಿ ಬರೆಯುತ್ತ ಬಂದವರು ಯೋಚನೆ ಮಾಡಿಯೇ ಬರೆದಿದ್ದಾರೆ. ಅದನ್ನು ಬಿಟ್ಟು ಹೊಸದಾಗಿ ಕಟ್ಟುವುದು ಬೇಡ.

ಈಗ ಮೂರನೆಯದು. ‘ಧನಾತ್ಮಕ ಯುರೋಪಿಯಂ’ ಅಂದರೆ ಓದುವವರು ವಿದ್ಯುದಂಶ ಅಂದುಕೊಳ್ಳುತ್ತಾರೆ. ನೀರಿನಲ್ಲಿ ಯುರೋಪಿಯಂ ಹೇಗೂ ಧನ ಅಯಾನೇ, ಹಾಗಾಗಿ ಈ ದಾರಿ ತಪ್ಪು ಇನ್ನೂ ಸುಲಭ. ‘ಅಸಂಗತಿ’ ಅಂದರೆ ತಾಳಮೇಳ ಇಲ್ಲದ್ದು. ಇಲ್ಲಿ ತಾಳ ತಪ್ಪಿದ್ದೇನೂ ಇಲ್ಲ. ಲ್ಯಾಂಥನಂ, ಸೀರಿಯಂ, ಯುರೋಪಿಯಂ ಥರದ ಈ ವಿರಳ ಭಸ್ಮ ಧಾತುಗಳೆಲ್ಲ ಸಾಮಾನ್ಯವಾಗಿ ಮೂರು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಒಂದೇ ಥರ ನಡೆದುಕೊಳ್ಳುತ್ತವೆ. ಸುಡುಸುಡುವ, ಆಮ್ಲಜನಕ ಇಲ್ಲದ ಆ ಬುಗ್ಗೆಯ ನೀರಲ್ಲಿ ಯುರೋಪಿಯಂ ಮಾತ್ರ ಎರಡೇ ಬಿಟ್ಟುಕೊಡುತ್ತದೆ. ಆಗ ಅದರ ನಡತೆ ಸ್ಟ್ರಾನ್ಷಿಯಂಗೆ ಹತ್ತಿರ. ಕ್ಲೋರೈಡಿನ ಜೊತೆ ಸೇರಿ ನೀರಲ್ಲೇ ಉಳಿಯುತ್ತದೆ. ಬುಗ್ಗೆಯ ನೀರಲ್ಲಿ ಒಂದೊಂದು ಧಾತು ಎಷ್ಟಿದೆ ಅನ್ನುವುದನ್ನು, ಕಾಂಡ್ರೈಟ್ ಅನ್ನುವ ಬಗೆಯ ಉಲ್ಕಾಶಿಲೆಯಲ್ಲಿ ಅದು ಇರುವ ಅಳತೆಯಿಂದ ಭಾಗಿಸಿ ಗೆರೆ ಎಳೆದರೆ ಲ್ಯಾಂಥನಂ ಕಡೆಯಿಂದ ಇಳಿಯುತ್ತ ಬರುವ ಗೆರೆ ಯುರೋಪಿಯಂ ಹತ್ತಿರ ಮೇಲೆದ್ದು ಮತ್ತೆ ಇಳಿಯುತ್ತದೆ. ಕಡಲ ನೀರಿನ ಗೆರೆ ಎಳೆಯಿರಿ, ಅದರಲ್ಲಿ ಸೀರಿಯಂ ಹತ್ತಿರ ಗುಂಡಿ. ಆಮ್ಲಜನಕ ಇರುವ ಕಡೆ ಸೀರಿಯಂ ನಾಲ್ಕು ಬಿಟ್ಟುಕೊಟ್ಟು, ಕಣಗಳಿಗೆ ಅಂಟಿಕೊಂಡು ನೀರು ಬಿಟ್ಟು ಹೋಗುತ್ತದೆ.

ಹಾಗಿದ್ದರೆ ‘ಯುರೋಪಿಯಂ ಉಬ್ಬು’, ‘ಸೀರಿಯಂ ತಗ್ಗು’ ಅನ್ನಿ. ಕಣ್ಣಿಗೆ ಕಾಣುವುದನ್ನೇ ಹೇಳುತ್ತವೆ, ಜಾಗವೂ ಉಳಿಯುತ್ತದೆ.

—

> ವಿರಳ ಭಸ್ಮ ಧಾತುಗಳು

ಮೂರು ಪದ, ಮೂರೂ ಸಂಸ್ಕೃತ. ಉಬ್ಬು, ತಗ್ಗು ಅಂತ ಬರೆದ ಕೈಯೇ ಇದನ್ನೂ ಬರೆದದ್ದಾ? ಹಳಗನ್ನಡದಲ್ಲಿ ‘ಅರಿದು’ ಅಂದರೆ ಸುಲಭಕ್ಕೆ ಸಿಗದ್ದು. ‘ಅರಿಮಣ್ಣು’ ಅನ್ನಿ. ಧಾತು ವ್ಯಾಕರಣದಲ್ಲೇ ಇರಲಿ.

—

ಆಗದು. ತಿಳಿ ಅನ್ನುವ ‘ಅಱಿ’ ಬೇರೆ, ಈ ‘ಅರಿ’ ಬೇರೆ ಅನ್ನುವುದು ನಿಮಗೆ ಗೊತ್ತು, ನನಗೆ ಗೊತ್ತು. ಱ ಹೋಗಿ ಕಾಲವಾಯಿತು. ಫಲಕದ ಮುಂದೆ ನಿಂತ ಹುಡುಗಿಗೆ ‘ಅರಿಮಣ್ಣು’ ಅಂದರೆ ತಿಳಿವಳಿಕೆಯ ಮಣ್ಣೋ, ಹಗೆಯ ಮಣ್ಣೋ? ಮಣ್ಣು ಅಂದರೆ ಕೆಸರು, ಜೇಡಿ ನೆನಪಾಗುತ್ತದೆ, ಆಕ್ಸೈಡ್ ಅಲ್ಲ. ಅಚ್ಚಗನ್ನಡ ಅನ್ನುವ ಒಂದೇ ಕಾರಣಕ್ಕೆ ತಪ್ಪು ಪದವನ್ನು ಒಪ್ಪಲಾರೆ.

—

ಸುಮ್ನೆ ‘ರೇರ್ ಅರ್ಥ್’ ಅಂತ ಬರೆದುಬಿಡಿ. ಪತ್ರಿಕೆಗಳಲ್ಲಿ ಹಾಗೇ ಬರುತ್ತಿದೆ. ಯುರೋಪಿಯಂ ನಡೆಯುತ್ತದೆ, ರೇರ್ ಅರ್ಥ್ ನಡೆಯುವುದಿಲ್ಲ ಅನ್ನುವುದು ಯಾವ ನ್ಯಾಯ? ಅಷ್ಟಕ್ಕೂ ಸೀರಿಯಂ ವಿರಳವೇ ಅಲ್ಲ, ಭೂಮಿಯ ಚಿಪ್ಪಿನಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ತಪ್ಪು ಹೆಸರನ್ನು ಕಷ್ಟಪಟ್ಟು ಕನ್ನಡಿಸಿ ಏನು ಉಪಯೋಗ?

—

ಯುರೋಪಿಯಂ ಹೆಸರು. ಹೆಸರು ಎಲ್ಲಿಂದ ಬಂದರೂ ಹಾಗೇ ಇಟ್ಟುಕೊಳ್ಳೋಣ, ನನ್ನ ತಕರಾರಿಲ್ಲ. ರೇರ್ ಅರ್ಥ್ ವಿವರಣೆ. ವಿವರಣೆಯನ್ನು ಹಾಗೇ ಎತ್ತಿಟ್ಟರೆ ಓದುವವರಿಗೆ ಅದು ಬರೀ ಸದ್ದು. ‘ವಿರಳ’ದ ತಪ್ಪು ಮೂಲದಲ್ಲೇ ಇದೆ, ಅನುವಾದಕರು ಅದನ್ನು ತಿದ್ದಲು ಹೊರಟರೆ ಯಾವ ಗುಂಪಿನ ಬಗ್ಗೆ ಮಾತು ಅನ್ನುವುದೇ ಕಳೆದುಹೋಗುತ್ತದೆ. ಎರವಲಿನ ಜಗಳ ಬೇರೆ ಎಳೆಯಲ್ಲಿ ಆಡೋಣ, ಇವರಿಗೆ ಬೆಳಿಗ್ಗೆ ಅಚ್ಚಿದೆ.

ಕೇಳಿದವರಿಗೆ: ಗ್ರಾಫಿನ ಕೆಳಗೆ ಹೀಗೆ ಹಾಕಿ. “ಟ್ಯಾಗ್ ಕರಿಬುಗ್ಗೆಯ ನೀರಿನಲ್ಲಿ ವಿರಳ ಭಸ್ಮ ಧಾತುಗಳು. ಯುರೋಪಿಯಂ ಉಬ್ಬನ್ನು ಗಮನಿಸಿ.” ಜಾಗ ಸಾಲದಿದ್ದರೆ ಎರಡನೇ ವಾಕ್ಯ ತೆಗೆದು, ಗೆರೆ ಎದ್ದ ಕಡೆಯೇ ಬಾಣದ ಗುರುತು ಹಾಕಿ ‘ಉಬ್ಬು’ ಅಂತಷ್ಟೇ ಬರೆಯಿರಿ.