ಬ್ರೆಡ್‌ಬೋರ್ಡಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಬೆಸುಗೆ ಹಾಕಿದ ಮೇಲೆ ಕೈಕೊಟ್ಟಿತು. ಎಲ್ಲಿ ತಪ್ಪಿದೆ?

ಪ್ರಶ್ನೆ:

ಗಿಡದ ಕುಂಡಕ್ಕೆ ತಾನಾಗಿ ನೀರು ಬಿಡುವ ಒಂದು ಸರ್ಕ್ಯೂಟ್ ಮಾಡಿದ್ದೇನೆ. ಎಟಿಮೆಗಾ328ಪಿ ಚಿಪ್ (ಕೋಡ್ ಓಡಿಸುವ ಮೈಕ್ರೊಕಂಟ್ರೋಲರ್), 16 ಮೆಗಾಹರ್ಟ್ಸ್ ಕ್ರಿಸ್ಟಲ್, ಮಣ್ಣಿನ ತೇವ ನೋಡುವ ಸೆನ್ಸರ್, ಒಂದು ಮಾಸ್‌ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಅದು ಓಡಿಸುವ 5 ವೋಲ್ಟಿನ ಪುಟ್ಟ ಪಂಪ್. ಎಲ್ಲಕ್ಕೂ ಒಂದೇ ಅಡಾಪ್ಟರ್. ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಜೋಡಿಸುವ ಹಲಗೆ) ಮೇಲೆ ಎರಡು ತಿಂಗಳು ಒಂದು ತೊಂದರೆಯೂ ಇಲ್ಲದೆ ನಡೆಯಿತು. ಆದರೆ ಕೈ ತಗುಲಿದರೆ ಸಾಕು, ಯಾವುದೋ ತಂತಿ ಕಿತ್ತು ಬರುತ್ತಿತ್ತು. ಅದಕ್ಕೇ ಎಲ್ಲ ಬಿಚ್ಚಿ ಪರ್ಫ್‌ಬೋರ್ಡಿಗೆ (ಸಾಲು ಸಾಲು ತೂತಿರುವ ಬೆಸುಗೆ ಬೋರ್ಡ್) ಬೆಸುಗೆ ಹಾಕಿದೆ.

ಮೊದಲು ಚಿಪ್ಪಿನ ಪಿನ್‌ಗಳು ಎಡಬಲ ಅದಲುಬದಲಾಗಿದ್ದವು, ಬೋರ್ಡ್ ತಿರುಗಿಸಿ ಹಿಂದಿನಿಂದ ತಂತಿ ಎಳೆಯುವಾಗ ಲೆಕ್ಕ ತಪ್ಪಿತ್ತು. ಅದನ್ನು ಸರಿ ಮಾಡಿದೆ. ಈಗ ಪಂಪ್ ಶುರುವಾದ ತಕ್ಷಣ ಚಿಪ್ ರೀಸೆಟ್ ಆಗುತ್ತದೆ, ಎದ್ದು ಮತ್ತೆ ಪಂಪ್ ಹಾಕುತ್ತದೆ, ಮತ್ತೆ ರೀಸೆಟ್. ಕೋಡ್ ಒಂದಕ್ಷರವೂ ಬದಲಾಗಿಲ್ಲ. ಪಂಪ್ ತೆಗೆದರೆ ಎಲ್ಲ ಸರಿ. ಇದನ್ನೇ ರಿಪೇರಿ ಮಾಡಲಾ, ಇಲ್ಲ ಹೊಸ ಬೋರ್ಡಿನಲ್ಲಿ ಮೊದಲಿನಿಂದ ಶುರು ಮಾಡಲಾ?

ಉತ್ತರ 1:

ಕಿತ್ತು ಹಾಕಬೇಡಿ, ಇದು ರಿಪೇರಿ ಆಗುವಂಥದ್ದೇ. ಒಂದು ವಿಷಯ ನೋಡಿ ಹೇಳಿ: ಪಂಪಿನ ಗ್ರೌಂಡ್ (ಮೈನಸ್) ತಂತಿ ಯಾವ ದಾರಿಯಲ್ಲಿ ಅಡಾಪ್ಟರಿಗೆ ವಾಪಸ್ ಹೋಗುತ್ತದೆ?

ಯಾಕೆ ಕೇಳಿದೆ ಅಂದರೆ, ಡಿಸಿ ಮೋಟಾರು ನಿಂತಲ್ಲಿಂದ ತಿರುಗಲು ಶುರುವಾಗುವ ಆ ಒಂದು ಕ್ಷಣ, ಓಡುತ್ತಿರುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಕರೆಂಟೂ ಚಿಪ್ಪಿನ ಕರೆಂಟೂ ಒಂದೇ ಸಣ್ಣ ತಂತಿಯಲ್ಲಿ ಹರಿದರೆ, ತಂತಿಯುದ್ದಕ್ಕೂ ವೋಲ್ಟೇಜ್ ಬೀಳುತ್ತದೆ. ಆಗ ಚಿಪ್ಪಿಗೆ ಸಿಗುವುದು ಪೂರ್ತಿ 5 ವೋಲ್ಟ್ ಅಲ್ಲ. ಬ್ರೆಡ್‌ಬೋರ್ಡಿನಲ್ಲಿ ಬಹುಶಃ ಪಂಪಿನ ತಂತಿಗಳು ನೇರ ಅಡಾಪ್ಟರಿನ ಹತ್ತಿರವೇ ಸೇರಿದ್ದವು, ಅಲ್ವಾ? ನೀವು ಹಾಗೆ ಯೋಚಿಸಿ ಹಾಕಿದ್ದಲ್ಲದಿದ್ದರೂ ಅದು ಸರಿಯಾದ ಜೋಡಣೆ.

ಜೊತೆಗೆ 7 ಮತ್ತು 8ನೇ ಪಿನ್ ನಡುವೆ, ಚಿಪ್ಪಿಗೆ ಅಂಟಿಕೊಂಡ ಹಾಗೆ, ವೋಲ್ಟೇಜ್ ಏರಿಳಿತ ತಡೆಯುವ 100 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇದೆಯಾ? 20ನೇ ಪಿನ್, ಅಂದರೆ ಎವಿಸಿಸಿ (ಚಿಪ್ಪಿನ ಅನಲಾಗ್ ಭಾಗದ ಪವರ್), 5 ವೋಲ್ಟಿಗೆ ಸೇರಿದೆಯಾ? 22ನೇ ಪಿನ್ ಕೂಡ ಗ್ರೌಂಡೇ, ಅದನ್ನು ತುಂಬಾ ಜನ ಮರೆಯುತ್ತಾರೆ. 1ನೇ ಪಿನ್ ರೀಸೆಟ್, ಅದಕ್ಕೆ 10 ಕಿಲೋಓಮ್ ಪುಲ್‌ಅಪ್ (5 ವೋಲ್ಟಿಗೆ ಸೇರಿಸುವ ರೆಸಿಸ್ಟರ್) ಬೇಕು. ಪಂಪಿನ ಎರಡು ತುದಿಗೆ ಉಲ್ಟಾ ಹಾಕಿದ 1ಎನ್4007 ಡಯೋಡ್ ಬೇಕು, ಅದರ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಅದಿಲ್ಲದಿದ್ದರೆ ಪಂಪ್ ನಿಲ್ಲುವಾಗ ಬರುವ ವೋಲ್ಟೇಜ್ ಏಟು ಮಾಸ್‌ಫೆಟ್ಟನ್ನೇ ಸುಡಬಹುದು.

ಉತ್ತರ 2:

ಮೇಲಿನವರು ಹೇಳಿದ್ದು ಸರಿ. ನಾನು ಮುಂದಿನ ಸಲಕ್ಕೆ ಹೇಳುತ್ತೇನೆ. ನಡೆಯುತ್ತಿರುವ ಬ್ರೆಡ್‌ಬೋರ್ಡನ್ನು ದಯವಿಟ್ಟು ಬಿಚ್ಚಬೇಡಿ. ಬೆಸುಗೆ ಹಾಕುವುದಕ್ಕೆ ಬೇರೆ ಬಿಡಿಭಾಗಗಳನ್ನು ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಜಾಗದ ವೋಲ್ಟೇಜ್ ಹೋಲಿಸಿದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಈಗ ನಿಮ್ಮ ಹತ್ತಿರ ಹೋಲಿಸುವುದಕ್ಕೆ ಏನೂ ಉಳಿದಿಲ್ಲ, ಅದೇ ಬೇಜಾರು.

ನೆನಪಿನಿಂದ ಬೆಸುಗೆ ಹಾಕಲೂ ಬೇಡಿ. ಬ್ರೆಡ್‌ಬೋರ್ಡಿನ ಒಂದೊಂದೇ ತಂತಿ ನೋಡುತ್ತಾ ಸರ್ಕ್ಯೂಟನ್ನು ಕಾಗದದ ಮೇಲೆ ಬರೆಯಿರಿ, ಬರೆದದ್ದಕ್ಕೆ ಟಿಕ್ ಹಾಕಿ. ಆಮೇಲೆ ಚೌಕುಳಿ ಕಾಗದದಲ್ಲಿ ಒಂದು ಚೌಕಕ್ಕೆ ಒಂದು ತೂತು ಅಂತ ಬೋರ್ಡ್ ಬರೆಯಿರಿ. ಪರ್ಫ್‌ಬೋರ್ಡಿನ ತೂತುಗಳ ನಡುವೆಯೂ ಬ್ರೆಡ್‌ಬೋರ್ಡಿನ ಹಾಗೆ 2.54 ಮಿಲಿಮೀಟರ್ ಅಂತರವೇ ಇರುವುದು. ಎಡಬಲ ಗೊಂದಲಕ್ಕೆ ನನ್ನ ದಾರಿ ಇದು: ಮೇಲಿನಿಂದ ಕಾಣುವ ಹಾಗೆ ಬರೆದು, ಕಾಗದವನ್ನು ತಿರುವಿ ಬೆಳಕಿಗೆ ಹಿಡಿದು ಹಿಂದಿನಿಂದಲೂ ಗೆರೆ ಎಳೆಯುತ್ತೇನೆ. ಬೆಸುಗೆ ಹಾಕುವಾಗ ಹಿಂದಿನ ಬದಿಯ ಚಿತ್ರವನ್ನೇ ನೋಡುತ್ತೇನೆ. ಸಾಕೆಟ್ಟಿನ 1ನೇ ಪಿನ್ನಿನ ಪಕ್ಕ ಬೋರ್ಡಿನ ಎರಡೂ ಬದಿ ಮಾರ್ಕರಿನಲ್ಲಿ ಚುಕ್ಕೆ ಇಡುತ್ತೇನೆ.

ಚಿಪ್ಪನ್ನು ನೇರ ಬೆಸುಗೆ ಹಾಕಬೇಡಿ, ಸಾಕೆಟ್ ಹಾಕಿ. ಮೊದಲು ಪವರ್ ತಂತಿಗಳು ಮಾತ್ರ. ಪ್ಲಸ್ಸಿಗೂ ಗ್ರೌಂಡಿಗೂ ಶಾರ್ಟ್ ಇಲ್ಲ ಅಂತ ಮಲ್ಟಿಮೀಟರಿನಲ್ಲಿ ನೋಡಿ, ಸಾಕೆಟ್ ಖಾಲಿ ಇರುವಾಗಲೇ ಕರೆಂಟ್ ಕೊಟ್ಟು 7 ಮತ್ತು 20ರಲ್ಲಿ 5 ವೋಲ್ಟ್ ಬರುತ್ತದಾ ಅಂತ ಅಳೆಯಿರಿ. ಆಮೇಲೆ ಚಿಪ್ ಮತ್ತು ಕ್ರಿಸ್ಟಲ್, ಒಂದು ಎಲ್ಇಡಿ ಮಿನುಗಿಸಿ. ಆಮೇಲೆ ಸೆನ್ಸರ್. ಪಂಪ್ ಕೊನೆಗೆ. ಎಲ್ಲ ಮುಗಿಸಿ ಒಂದೇ ಸಲ ಸ್ವಿಚ್ ಹಾಕಿದರೆ, ತಪ್ಪು ಐವತ್ತು ಬೆಸುಗೆಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಉತ್ತರ 3:

ಬೆಸುಗೆಯನ್ನೂ ಒಮ್ಮೆ ನೋಡಿ. ಮಂಕಾಗಿ ಉಂಡೆ ಕಟ್ಟಿದ್ದರೆ ಅದು ಹಿಡಿದಿಲ್ಲ. 63/37 ತವರ ಸೀಸ ಕರಗುವುದು 183 ಡಿಗ್ರಿಯಲ್ಲಿ, ಆದರೂ ಬೆಸುಗೆ ಐರನ್ ಸುಮಾರು 330ರಲ್ಲಿ ಇಡಬೇಕು. ಯಾಕಂದರೆ ಬೋರ್ಡಿನ ಪ್ಯಾಡೂ ಬಿಡಿಭಾಗದ ಕಾಲೂ ಎರಡೂ ಕಾಯಬೇಕು, ಸೋಲ್ಡರ್ ಅವುಗಳ ಬಿಸಿಗೇ ಕರಗಿ ಹರಿಯಬೇಕು. ಐರನ್ ತುದಿಯಲ್ಲಿ ಕರಗಿಸಿ ತಂದು ಮೆತ್ತಿದರೆ ಅದರಲ್ಲಿದ್ದ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಅಂಟು) ದಾರಿಯಲ್ಲೇ ಸುಟ್ಟುಹೋಗುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು:

ನೋಡಿದೆ. ಅಡಾಪ್ಟರ್ ಟರ್ಮಿನಲ್‌ನಿಂದ ಮಾಸ್‌ಫೆಟ್, ಅಲ್ಲಿಂದ ಚಿಪ್, ಅಲ್ಲಿಂದ ಸೆನ್ಸರ್, ಹೀಗೆ ಕೂದಲಿನಷ್ಟು ಸಣ್ಣ ಒಂದೇ ತಂತಿಯಲ್ಲಿ ಗ್ರೌಂಡನ್ನು ಸರಪಳಿ ಮಾಡಿದ್ದೇನೆ. ಪ್ಲಸ್ ಕೂಡ ಹಾಗೇ. 20ನೇ ಪಿನ್ ಖಾಲಿ ಇತ್ತು! ಕೆಪಾಸಿಟರ್ ಬೋರ್ಡಿನ ಇನ್ನೊಂದು ತುದಿಯಲ್ಲಿದೆ. ಡಯೋಡ್ ಮಾತ್ರ ಸರಿಯಾಗಿದೆ.

ಪಂಪಿಗೆ ದಪ್ಪ ತಂತಿಯಲ್ಲಿ ಪ್ಲಸ್ಸೂ ಗ್ರೌಂಡೂ ನೇರ ಟರ್ಮಿನಲ್ಲಿಗೆ ಎಳೆದೆ, 20ನ್ನು ಸೇರಿಸಿದೆ, ಕೆಪಾಸಿಟರನ್ನು ಸಾಕೆಟ್ಟಿನ ಹಿಂದೆ 7 ಮತ್ತು 8ಕ್ಕೆ ನೇರವಾಗಿ ಹಾಕಿದೆ. ನಲವತ್ತು ಸಲ ಪಂಪ್ ಹಾಕಿ ತೆಗೆದೆ. ಒಮ್ಮೆಯೂ ರೀಸೆಟ್ ಆಗಲಿಲ್ಲ. ತುಂಬಾ ಥ್ಯಾಂಕ್ಸ್!

ಉತ್ತರ 4:

ಇಷ್ಟು ಕಷ್ಟ ಯಾಕೆ? ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಕಿಕ್ಯಾಡ್ ಉಚಿತ, ಅದರಲ್ಲಿ ಬರೆದು ಪಿಸಿಬಿ (ಅಚ್ಚು ಹಾಕಿದ ಸರ್ಕ್ಯೂಟ್ ಬೋರ್ಡ್) ಮಾಡಿಸಿದರೆ ಮುಗಿಯಿತು. 20ನೇ ಪಿನ್ ಖಾಲಿ ಬಿಟ್ಟಿದ್ದರೆ ಅದರ ತಪಾಸಣೆಯಲ್ಲೇ ಎಚ್ಚರಿಕೆ ಬರುತ್ತಿತ್ತು.

ಉತ್ತರ 1:

ಐದು ಬೋರ್ಡ್ ಬೇಕಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಒಂದೇ ಬೇಕಾದರೆ, ಇನ್ನೂ ಬದಲಾಗುತ್ತಿರುವ ಸರ್ಕ್ಯೂಟಿಗೆ, ಪರ್ಫ್‌ಬೋರ್ಡೇ ವಾಸಿ. ಕಿಕ್ಯಾಡಿನಲ್ಲೂ ಗ್ರೌಂಡನ್ನು ಸರಪಳಿಯಾಗಿ ಸಣ್ಣ ಗೆರೆಯಲ್ಲಿ ಎಳೆದರೆ ಅದು ತಪ್ಪು ಅನ್ನುವುದಿಲ್ಲ, ಪಂಪ್ ಹಾಕಿದಾಗ ಇದೇ ರೀಸೆಟ್ ಬರುತ್ತದೆ.

ಕೇಳಿದವರಿಗೆ ಇನ್ನೊಂದು ಮಾತು: ಮಾಸ್‌ಫೆಟ್ಟಿನ ಗೇಟಿನಿಂದ (ಅದನ್ನು ಆನ್ ಆಫ್ ಮಾಡುವ ಕಾಲು) ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದೀರಾ? ಇಲ್ಲದಿದ್ದರೆ ಚಿಪ್ ಎದ್ದೇಳುವ ಮೊದಲು ಗೇಟ್ ತೇಲುತ್ತಿರುತ್ತದೆ, ಅಂದರೆ ಅದರ ವೋಲ್ಟೇಜ್ ಯಾವುದಕ್ಕೂ ಕಟ್ಟಿರುವುದಿಲ್ಲ, ಪಂಪ್ ಸುಮ್ನೆ ಓಡಬಹುದು.

ಪ್ರಶ್ನೆ ಕೇಳಿದವರು:

ಇಲ್ಲ, ಹಾಕಿಲ್ಲ. ಐರನ್ ಇನ್ನೂ ಬಿಸಿ ಇದೆ, ಈಗಲೇ ಹಾಕುತ್ತೇನೆ.